ಮರಳಿನಲ್ಲಿ ಸಿಕ್ಕ ಚೆಂಡು: ಹೊಸ ಗಾಲ್ಫ್ ಆಟಗಾರರಿಗೆ ನಾಲ್ಕು ಮಾತು

ಜುಫೈರ್: ಶುಕ್ರವಾರ ಬೆಳಿಗ್ಗೆ ಕ್ರಿಕೆಟ್‌ಗೆಂದೇ ಮೀಸಲಿದ್ದ ನಮ್ಮ ಸದಸ್ಯರಲ್ಲಿ ಕೆಲವರು ಈಚೆಗೆ ಗಾಲ್ಫ್ ಕಡೆಗೂ ವಾಲಿದ್ದಾರೆ. ಕಾಲಿನ್ ಮಾಂಟ್‌ಗೊಮೆರಿ ವಿನ್ಯಾಸದ, 2024ರಲ್ಲಿ ಬಹ್ರೈನ್ ಚಾಂಪಿಯನ್‌ಶಿಪ್ ನಡೆದ ರಿಫಾದ ರಾಯಲ್ ಗಾಲ್ಫ್ ಕ್ಲಬ್ ನಮಗೆ ದೂರವೇನಲ್ಲ. ಆದರೆ ಅಭ್ಯಾಸದ ಚಾಪೆಯ ಮೇಲೆ ಕಲಿತವರಿಗೆ ಅಲ್ಲಿ ಮೊದಲ ದಿನವೇ ತಿಳಿಯುವ ಸಂಗತಿಯೆಂದರೆ, ಚೆಂಡು ನಾವು ಬಯಸಿದ ಜಾಗದಲ್ಲಿ ಬೀಳುವುದಿಲ್ಲ.

ಮೊದಲು ಬಂಕರ್. ಮರಳು ಮೆತ್ತಗಿದ್ದರೆ ಸ್ಯಾಂಡ್ ವೆಜ್‌ನ ಮುಖವನ್ನು ತುಸು ತೆರೆದು ಹಿಡಿಯಿರಿ. ಹೊಡೆಯಬೇಕಾದುದು ಚೆಂಡಿಗಲ್ಲ, ಅದರ ಹಿಂದೆ ಸುಮಾರು ಎರಡು ಅಂಗುಲ ದೂರದ ಮರಳಿಗೆ. ಆ ಮರಳೇ ಚೆಂಡನ್ನು ಎತ್ತಿ ಹೊರಗೆ ಹಾಕುತ್ತದೆ. ನಮ್ಮವರು ಎಡವುವುದು ಇಲ್ಲೇ. ಮರಳು ತಾಗಿದ ಕೂಡಲೇ ಕೈ ಹೆದರಿ ನಿಂತುಬಿಡುತ್ತದೆ, ಚೆಂಡು ಒಂದಡಿ ಉರುಳಿ ಅಲ್ಲೇ ಕೂರುತ್ತದೆ. ಕೋಲನ್ನು ಕೊನೆಯವರೆಗೂ ಬೀಸಬೇಕು. ಚೆಂಡು ಅರ್ಧ ಹೂತಿದ್ದರೆ ಮಾತ್ರ ಮುಖ ತೆರೆಯದೆ, ಮೇಲಿನಿಂದ ಕಡಿದಾಗಿ ಹೊಡೆಯಿರಿ. ಹೊರಬಂದ ಚೆಂಡು ಬಹಳ ಉರುಳುತ್ತದೆ, ನೆನಪಿರಲಿ. 2019ರ ನಿಯಮಗಳಂತೆ ಬಂಕರ್‌ನ ಬಿಡಿ ಕಲ್ಲು, ಕಡ್ಡಿ ತೆಗೆಯಬಹುದು. ಕೋಲಿನಿಂದ ಮರಳು ಒತ್ತಿ ನೋಡಿದರೆ ಎರಡು ಹೊಡೆತದ ದಂಡ.

ಗಟ್ಟಿ ಮರಳಿನಲ್ಲಿ ಇದೇ ಉಪಾಯ ಕೈಕೊಡುತ್ತದೆ. ಸ್ಯಾಂಡ್ ವೆಜ್‌ನ ದಪ್ಪ ತಳ ನೆಲಕ್ಕೆ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ, ಚೆಂಡು ಗ್ರೀನ್ ದಾಟಿ ಓಡುತ್ತದೆ. ಪಿಚಿಂಗ್ ವೆಜ್ ಹಿಡಿದು, ಚೆಂಡನ್ನು ಹಿಂಗಾಲಿನ ಕಡೆಗೆ ಇಟ್ಟುಕೊಂಡು ಮೊದಲು ಚೆಂಡಿಗೇ ತಾಗಿಸಿ. ತೈಲ ನೌಕರರ ಊರಾದ ಅವಾಲಿಯಲ್ಲಿ ಬೆಳೆದದ್ದು ಇಂಥ ಮರಳಿನ ಗಾಲ್ಫೇ. ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್', ಕೈಯಲ್ಲಿ ಒಂದು ತುಂಡು ಚಾಪೆ! ನಮ್ಮ ಕೋಲಾರದ ಕೆ.ಜಿ.ಎಫ್.ನಲ್ಲೂ ಗಣಿ ಅಧಿಕಾರಿಗಳು ಆಡಿದ್ದು ಬ್ರೌನ್ ಮೇಲೆಯೇ.

ಇಳಿಜಾರಿನಲ್ಲಿ ಭುಜವನ್ನು ನೆಲದ ಓರೆಗೆ ಹೊಂದಿಸಿಕೊಳ್ಳಿ. ಏರಿನಲ್ಲಿ ಚೆಂಡು ಎತ್ತರಕ್ಕೆ ಹೋಗಿ ಬೇಗ ಬೀಳುವುದರಿಂದ ಒಂದು ನಂಬರ್ ದೊಡ್ಡ ಕೋಲು ಬೇಕು.

ಚೆಂಡು ಹುಲ್ಲು ದಾಟಿ ಮರುಭೂಮಿಯ ಅಂಚಿಗೆ ಹೋದರೆ ದಯವಿಟ್ಟು ವೀರಾವೇಶ ಬೇಡ. ಮರಳಿನಡಿ ಕಲ್ಲಿರುತ್ತದೆ. ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಹೊಡೆತ ಉಳಿಸಲು ಹೋಗಿ ಮಣಿಕಟ್ಟು ನೋಯಿಸಿಕೊಂಡು ಆರು ವಾರ ಕಾರಿನ ಸ್ಟೀರಿಂಗ್ ಹಿಡಿಯಲಿಲ್ಲ. ದುಡಿಯಲು ಬಂದ ನಾಡಿನಲ್ಲಿ ಕೈಗೆ ಪೆಟ್ಟಾದರೆ ನಿಲ್ಲುವುದು ಆಟ ಮಾತ್ರವಲ್ಲ. ಆಡಲಾಗದು ಎಂದು ಹೇಳಿ, ಒಂದು ಹೊಡೆತದ ದಂಡ ಬರೆದುಕೊಂಡು, ಎರಡು ಕೋಲಿನ ಅಳತೆಯೊಳಗೆ, ಕುಳಿಗೆ ಹತ್ತಿರವಾಗದಂತೆ, ಮಂಡಿ ಎತ್ತರದಿಂದ ಚೆಂಡು ಬೀಳಿಸಿ ಆಟ ಮುಂದುವರಿಸಬಹುದು.