ಒಳಾಂಗಣ ವಿನ್ಯಾಸಕ್ಕೆ ಮುನ್ನ ಅಗತ್ಯಗಳ ಪಟ್ಟಿ: ವ್ಯಾಪಾರ ಸ್ಥಳದ ಯೋಜನೆ ಮತ್ತು ಲೆಕ್ಕಾಚಾರ

ವ್ಯಾಪಾರ ಸಂಸ್ಥೆಯ ಲಾಭ-ನಷ್ಟ ತಃಖ್ತೆಯಲ್ಲಿ ಪ್ರತಿ ತಿಂಗಳೂ ತಪ್ಪದೆ ಕಾಣಿಸಿಕೊಳ್ಳುವ ವೆಚ್ಚಗಳಲ್ಲಿ ಬಾಡಿಗೆ ಮುಖ್ಯವಾದುದು. ವ್ಯಾಪಾರ ಇಳಿಮುಖವಾದಾಗ ಖರೀದಿಯನ್ನು ತಗ್ಗಿಸಬಹುದು, ಜಾಹೀರಾತನ್ನು ನಿಲ್ಲಿಸಬಹುದು; ಬಾಡಿಗೆಯನ್ನು ಮಾತ್ರ ಕರಾರಿನಂತೆ ಸಲ್ಲಿಸಲೇಬೇಕು. ಹೀಗಿದ್ದರೂ, ಸರಕಿನ ಖರೀದಿಯಲ್ಲಿ ಒಂದೊಂದು ರೂಪಾಯಿಗೂ ಚೌಕಾಶಿ ಮಾಡುವ ಉದ್ಯಮಿಯು ಮಳಿಗೆ ಅಥವಾ ಕಚೇರಿಯ ಒಳಾಂಗಣದ ವಿಷಯ ಬಂದಾಗ ಬಡಗಿಗೂ ವಿನ್ಯಾಸಕಾರನಿಗೂ ಕೈತೋರಿಸಿ ಸುಮ್ಮನಾಗುವುದುಂಟು. ಗೋಡೆಯ ಬಣ್ಣ, ನೆಲದ ಹಾಸುಗಲ್ಲು, ದೀಪಗಳ ಅಂದ ಇವುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಈ ಸ್ಥಳದಲ್ಲಿ ಯಾವ ಯಾವ ಕೆಲಸ ನಡೆಯಬೇಕು, ಯಾವ ಕೆಲಸಕ್ಕೆ ಎಷ್ಟು ಜಾಗ ಬೇಕು ಎಂಬ ಮೂಲ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಳಾಂಗಣಕ್ಕೆ ಹಾಕಿದ ಹಣದ ಸಾರ್ಥಕತೆಯು ಬಹುಪಾಲು ನಿರ್ಧಾರವಾಗುವುದು ಈ ಪ್ರಶ್ನೆಗೆ ಸಿಗುವ ಉತ್ತರದಿಂದ.

ಅಗತ್ಯ ನಿರೂಪಣೆ ಎಂದರೇನು?

ವೃತ್ತಿಪರ ಒಳಾಂಗಣ ವಿನ್ಯಾಸದಲ್ಲಿ ನಕ್ಷೆ ಬಿಡಿಸುವುದಕ್ಕೆ ಮೊದಲು ಎರಡು ಹಂತಗಳಿವೆ. ಮೊದಲನೆಯದನ್ನು ವಿನ್ಯಾಸಕಾರರು ಪ್ರೋಗ್ರಾಮಿಂಗ್ ಎನ್ನುತ್ತಾರೆ. ಗಣಕಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಸ್ಥೆಯ ಅಗತ್ಯಗಳನ್ನು ವಿಚಾರಿಸಿ, ಅಳೆದು, ಬರಹದಲ್ಲಿ ದಾಖಲಿಸುವ ಕೆಲಸವಿದು. ಆದುದರಿಂದ ಕನ್ನಡದಲ್ಲಿ ಇದನ್ನು ಅಗತ್ಯ ನಿರೂಪಣೆ ಎನ್ನಬಹುದು. ಎರಡನೆಯದು ಸ್ಥಳ ಯೋಜನೆ, ಅಂದರೆ ಆ ಅಗತ್ಯಗಳನ್ನು ಇರುವ ನೆಲದ ಮೇಲೆ ಹಂಚುವುದು.

ಈ ಪದ್ಧತಿಗೆ ಕಚೇರಿ ವಿನ್ಯಾಸದ ಕ್ಷೇತ್ರದಲ್ಲಿ ಗಟ್ಟಿಯಾದ ರೂಪ ಕೊಟ್ಟವರಲ್ಲಿ ಅಮೆರಿಕದ ಫ್ಲಾರೆನ್ಸ್ ನಾಲ್ ಪ್ರಮುಖರು. ವಾಸ್ತುಶಿಲ್ಪದಲ್ಲಿ ಶಿಕ್ಷಣ ಪಡೆದಿದ್ದ ಆಕೆ 1940ರ ದಶಕದಲ್ಲಿ ನಾಲ್ ಪೀಠೋಪಕರಣ ಸಂಸ್ಥೆಯೊಳಗೆ ಯೋಜನಾ ಘಟಕವೊಂದನ್ನು ಕಟ್ಟಿದರು. ಯಾರ ಮೇಜಿನ ಮೇಲೆ ಏನಿರುತ್ತದೆ, ಯಾರು ಯಾರೊಡನೆ ವ್ಯವಹರಿಸುತ್ತಾರೆ, ಯಾವ ಕಡತ ಎಲ್ಲಿರಬೇಕು ಎಂಬುದನ್ನು ಗಿರಾಕಿ ಸಂಸ್ಥೆಯ ನೌಕರರನ್ನೇ ಕೇಳಿ ತಿಳಿದು, ಆ ಬಳಿಕವೇ ವಿನ್ಯಾಸಕ್ಕೆ ಕೈಹಾಕುವುದು ಆ ಘಟಕದ ಕ್ರಮವಾಗಿತ್ತು. ಪೀಠೋಪಕರಣ ಮಾರುವ ಸಂಸ್ಥೆಯೇ ಪೀಠೋಪಕರಣಕ್ಕಿಂತ ಮೊದಲು ಅಗತ್ಯವನ್ನು ವಿಚಾರಿಸಿದ್ದು ಇಲ್ಲಿ ಗಮನಾರ್ಹ.

ಹ್ಯೂಸ್ಟನ್ನಿನ ವಾಸ್ತುಶಿಲ್ಪಿ ವಿಲಿಯಂ ಪೆನ್ಯಾ ಅವರು 1969ರಲ್ಲಿ ಪ್ರಕಟವಾದ ‘ಪ್ರಾಬ್ಲಂ ಸೀಕಿಂಗ್’ ಎಂಬ ಗ್ರಂಥದ ಮೂಲಕ ಈ ಕೆಲಸಕ್ಕೆ ಐದು ಹಂತಗಳ ಚೌಕಟ್ಟನ್ನು ಒದಗಿಸಿದರು: ಗುರಿಗಳನ್ನು ಗೊತ್ತುಮಾಡುವುದು, ವಾಸ್ತವಾಂಶಗಳನ್ನು ಸಂಗ್ರಹಿಸುವುದು, ಕಾರ್ಯವಿಧಾನದ ಪರಿಕಲ್ಪನೆಗಳನ್ನು ಪರೀಕ್ಷಿಸುವುದು, ಅಗತ್ಯಗಳನ್ನು ನಿರ್ಧರಿಸುವುದು, ಕೊನೆಯದಾಗಿ ಸಮಸ್ಯೆಯನ್ನು ಸ್ಪಷ್ಟ ಮಾತುಗಳಲ್ಲಿ ಹೇಳುವುದು. ಸಮಸ್ಯೆಯನ್ನು ಹುಡುಕುವುದು ನಿರೂಪಣೆಯ ಕೆಲಸ, ಅದನ್ನು ಬಿಡಿಸುವುದು ವಿನ್ಯಾಸದ ಕೆಲಸ ಎಂಬುದು ಅವರ ವಾದದ ತಿರುಳು. ದೊಡ್ಡ ಆಸ್ಪತ್ರೆ, ಶಾಲೆಗಳಿಗಾಗಿ ಬೆಳೆದ ಈ ವಿಧಾನವು ಹತ್ತು ಜನರ ಮಳಿಗೆಗೂ ಸಲ್ಲುತ್ತದೆ.

ಬಾಡಿಗೆಯ ಚದರ ಅಡಿ, ಬಳಕೆಯ ಚದರ ಅಡಿ

ಮೊದಲು ತಿಳಿಯಬೇಕಾದ ವಾಸ್ತವಾಂಶವೆಂದರೆ ಕೈಗೆ ಸಿಗುವ ಜಾಗವೆಷ್ಟು ಎಂಬುದು. ವಾಣಿಜ್ಯ ಸಂಕೀರ್ಣಗಳಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣದ ಮೇಲೆ ಕಟ್ಟಲಾಗುತ್ತದೆ. ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲೂ ಅದರಲ್ಲಿ ಸೇರಿರುತ್ತದೆ. ಮೇಜು ಹಾಕಲು, ಸರಕು ಜೋಡಿಸಲು ದೊರೆಯುವುದು ಕಾರ್ಪೆಟ್ ವಿಸ್ತೀರ್ಣ ಮಾತ್ರ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯು ಹೊರಗೋಡೆ, ಸೇವಾ ಕೊಳವೆಗಳ ಜಾಗ, ಬಾಲ್ಕನಿ ಮತ್ತು ತೆರೆದ ತಾರಸಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಕಾರ್ಪೆಟ್ ವಿಸ್ತೀರ್ಣವನ್ನು ವ್ಯಾಖ್ಯಾನಿಸಿದೆ. ಬಾಡಿಗೆ ಕರಾರಿನಲ್ಲಿಯೂ ಇದೇ ವ್ಯಾಖ್ಯೆಯಂತೆ ಅಳತೆಯನ್ನು ನಮೂದಿಸಿಕೊಳ್ಳುವುದು ಕ್ಷೇಮಕರ.

ಉದಾಹರಣೆಗೆ, 2,000 ಚದರ ಅಡಿಯ ಮಳಿಗೆಗೆ ಚದರ ಅಡಿಗೆ 60 ರೂಪಾಯಿಯಂತೆ ತಿಂಗಳಿಗೆ 1,20,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಬಹುದು. ಕಾರ್ಪೆಟ್ ವಿಸ್ತೀರ್ಣ ಶೇ. 70 ಆದರೆ ಕೈಗೆ ಸಿಗುವುದು 1,400 ಚದರ ಅಡಿ. ಬಳಕೆಯ ಪ್ರತಿ ಚದರ ಅಡಿಗೆ ಬಾಡಿಗೆ 60 ಅಲ್ಲ, ಸುಮಾರು 86 ರೂಪಾಯಿ. ಹಳೆಯ ಲೆಕ್ಕಪುಸ್ತಕಗಳ ಕಪಾಟುಗಳು, ಬಾಗಿಲು ತೆರೆಯಲು ಬೇಕಾದ ಮುಂಭಾಗದ ಜಾಗವೂ ಸೇರಿ, 40 ಚದರ ಅಡಿ ಹಿಡಿದಿದ್ದರೆ ಅವುಗಳ ವಾಸಕ್ಕೆ ವರ್ಷಕ್ಕೆ ಸುಮಾರು 41,000 ರೂಪಾಯಿ ತೆತ್ತಂತಾಯಿತು.

ಈ ಪುಸ್ತಕಗಳನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ ಕಾನೂನಿನಲ್ಲಿ ಮಿತಿಯಿದೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನಂತೆ ಆ ಸಾಲಿನ ವಾರ್ಷಿಕ ವಿವರಣೆ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು. ಕಂಪನಿಗಳಾದರೆ 2013ರ ಕಾಯ್ದೆಯಂತೆ ಎಂಟು ಹಣಕಾಸು ವರ್ಷ. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದರೆ ಇನ್ನೂ ಹೆಚ್ಚು. ಅವಧಿ ಮುಗಿದುದನ್ನು ವಿಲೇವಾರಿ ಮಾಡಿ, ಉಳಿದುದನ್ನು ಕಡಿಮೆ ಬಾಡಿಗೆಯ ಜಾಗಕ್ಕೆ ಸಾಗಿಸಬಹುದು. ಆದರೆ ಆ ಜಾಗವನ್ನು ತೆರಿಗೆ ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳವೆಂದು ಸೇರಿಸಿರಬೇಕು.

ಒಂದು ಮಳಿಗೆಯ ಲೆಕ್ಕ

ಮೇಲಿನ ಮಳಿಗೆಯಲ್ಲಿಯೇ ಬಟ್ಟೆಯ ಸಗಟು ವ್ಯಾಪಾರ ನಡೆಸಬೇಕೆಂದುಕೊಂಡರೆ, ಮಾಲೀಕ ಮತ್ತು ಗುಮಾಸ್ತರನ್ನು ವಿಚಾರಿಸಿ ತಯಾರಿಸಿದ ಪಟ್ಟಿ ಹೀಗಿರಬಹುದು:

ಮಾದರಿ ತೋರಿಸುವ ಮತ್ತು ಮಾರಾಟದ ಜಾಗ – 480 ಚದರ ಅಡಿ
ದಾಸ್ತಾನು – 400
ಲೆಕ್ಕಪತ್ರ ವಿಭಾಗ, ನಾಲ್ವರಿಗೆ – 200
ಪ್ಯಾಕಿಂಗ್ ಮತ್ತು ರವಾನೆ – 150
ಮಾಲೀಕರ ಕೊಠಡಿ – 120
ಶೌಚಾಲಯ, ಕುಡಿಯುವ ನೀರು – 70
ಒಟ್ಟು – 1,420 ಚದರ ಅಡಿ

ಒಟ್ಟು ಮೊತ್ತವು ಇರುವ ಜಾಗಕ್ಕೆ ಬಹುತೇಕ ಸರಿಹೊಂದುವಂತೆ ತೋರುತ್ತದೆ. ಆದರೆ ಜನ ಓಡಾಡುವ, ಬೇಲುಗಳನ್ನು ಸಾಗಿಸುವ ದಾರಿ ಈ ಪಟ್ಟಿಯಲ್ಲಿಲ್ಲ. ಅದಕ್ಕಾಗಿ ಕಾಲುಭಾಗ ಸೇರಿಸಿದರೂ ಬೇಕಾಗುವುದು 1,775 ಚದರ ಅಡಿ. ಕೊರತೆ 375 ಚದರ ಅಡಿ. ಪಟ್ಟಿಯಿಲ್ಲದೆ ಕೆಲಸ ಆರಂಭಿಸಿದವರಿಗೆ ಈ ಕೊರತೆ ತಿಳಿಯುವುದು ಬೇಲುಗಳು ಓಡಾಟದ ದಾರಿಯಲ್ಲಿ ಬಂದು ಕುಳಿತಾಗ.

ಕರಾರಿಗೆ ಸಹಿ ಬೀಳುವ ಮೊದಲೇ ತಿಳಿದರೆ ಎರಡು ಮಾರ್ಗಗಳಿವೆ. ಮೊದಲನೆಯದು, ದೊಡ್ಡ ಮಳಿಗೆ ಹಿಡಿಯುವುದು. ಕಾರ್ಪೆಟ್ ಲೆಕ್ಕದ 375 ಚದರ ಅಡಿಗೆ ಬಾಡಿಗೆ ಲೆಕ್ಕದಲ್ಲಿ ಸುಮಾರು 536 ಚದರ ಅಡಿ ಬೇಕು. ತಿಂಗಳಿಗೆ ಹೆಚ್ಚುವರಿ ಬಾಡಿಗೆ ಸುಮಾರು 32,000 ರೂಪಾಯಿ. ಎರಡನೆಯದು, ದಿನನಿತ್ಯ ಚಲಾವಣೆಯಿರುವ ಸರಕಿಗಷ್ಟೇ 100 ಚದರ ಅಡಿ ಉಳಿಸಿಕೊಂಡು, ನಿಧಾನವಾಗಿ ಮಾರಾಟವಾಗುವ ಸರಕಿನ 300 ಚದರ ಅಡಿಯನ್ನು ಅದರ ಓಡಾಟದ ಜಾಗದೊಂದಿಗೆ ಗೋದಾಮಿಗೆ ಕಳುಹಿಸುವುದು. ಚದರ ಅಡಿಗೆ 20 ರೂಪಾಯಿಯಂತೆ 375 ಚದರ ಅಡಿಗೆ 7,500 ರೂಪಾಯಿ. ವ್ಯತ್ಯಾಸ ತಿಂಗಳಿಗೆ ಸುಮಾರು 24,600 ರೂಪಾಯಿ. ಸಾಗಣೆ ಮತ್ತು ಹಮಾಲಿ ಖರ್ಚು ಇದಕ್ಕಿಂತ ಕಡಿಮೆಯಿದ್ದರೆ ಗೋದಾಮು ಲಾಭಕರ, ಹೆಚ್ಚಿದ್ದರೆ ದೊಡ್ಡ ಮಳಿಗೆಯೇ ಸರಿ. ಬಾಡಿಗೆಯ ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಲೆಕ್ಕದ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ. ಯಾವ ಸರಕು ಎಷ್ಟು ವೇಗವಾಗಿ ಚಲಿಸುತ್ತದೆಂಬ ಉತ್ತರ ದಾಸ್ತಾನು ಪುಸ್ತಕದಲ್ಲಿದೆಯೇ ಹೊರತು ವಿನ್ಯಾಸಕಾರನ ಬಳಿಯಿಲ್ಲ. ಆದುದರಿಂದಲೇ ಅಗತ್ಯ ನಿರೂಪಣೆಯಲ್ಲಿ ಮಾಲೀಕನ ಪಾತ್ರವನ್ನು ಬೇರೆಯವರು ವಹಿಸಲಾಗದು.

ಯಾವುದು ಯಾವುದರ ಪಕ್ಕದಲ್ಲಿ?

ವಿಸ್ತೀರ್ಣಗಳು ಗೊತ್ತಾದ ಮೇಲೆ ಸಾಮೀಪ್ಯದ ಪ್ರಶ್ನೆ ಬರುತ್ತದೆ. ಕಾರ್ಖಾನೆಗಳ ವಿನ್ಯಾಸಕ್ಕಾಗಿ ರಿಚರ್ಡ್ ಮುತರ್ ಅವರು 1961ರಲ್ಲಿ ಪ್ರಕಟಿಸಿದ ಪದ್ಧತಿಯು ಸಣ್ಣ ಉದ್ಯಮಗಳಿಗೆ ಇಂದಿಗೂ ಉಪಯುಕ್ತ. ಎಲ್ಲ ವಿಭಾಗಗಳನ್ನೂ ಒಂದು ಕೋಷ್ಟಕದಲ್ಲಿ ಬರೆದು, ಪ್ರತಿ ಎರಡು ವಿಭಾಗಗಳ ನಡುವಿನ ಸಾಮೀಪ್ಯಕ್ಕೆ ಒಂದೊಂದು ಅಕ್ಷರ ಕೊಡಬೇಕು: ಎ ಎಂದರೆ ಅತ್ಯಾವಶ್ಯಕ, ಇ ಎಂದರೆ ವಿಶೇಷ ಮಹತ್ವದ್ದು, ಐ ಎಂದರೆ ಮಹತ್ವದ್ದು, ಒ ಎಂದರೆ ಸಾಧಾರಣ, ಯು ಎಂದರೆ ಮಹತ್ವವಿಲ್ಲದ್ದು, ಎಕ್ಸ್ ಎಂದರೆ ಹತ್ತಿರ ಇರಲೇಕೂಡದು. ಅಕ್ಷರದ ಜೊತೆಗೆ ಕಾರಣವನ್ನೂ ಬರೆಯಬೇಕು.

ಪ್ಯಾಕಿಂಗ್ ಮತ್ತು ರವಾನೆಯ ಬಾಗಿಲು ಎ ಆಗುತ್ತವೆ. ಬಣ್ಣ ಹೊಡೆಯುವ ಜಾಗ ಮತ್ತು ವೆಲ್ಡಿಂಗ್ ಎಕ್ಸ್ ಆಗುತ್ತವೆ. ಗಲ್ಲಾಪೆಟ್ಟಿಗೆ ಮತ್ತು ಮುಂಬಾಗಿಲು ಹತ್ತಿರವಿರಬೇಕು. ಲೆಕ್ಕಪತ್ರ ವಿಭಾಗವು ಗದ್ದಲದ ಯಂತ್ರಗಳಿಂದ ದೂರವಿರಬೇಕು. ಕೋಷ್ಟಕ ಮುಗಿದ ನಂತರ ವಿಭಾಗಗಳನ್ನು ವೃತ್ತಗಳಾಗಿ ಬರೆದು, ಎ ಸಂಬಂಧಗಳನ್ನು ದಪ್ಪ ಗೆರೆಗಳಿಂದ ಜೋಡಿಸಿದರೆ ಯೋಜನೆಯ ಸ್ಥೂಲರೂಪ ಮೂಡುತ್ತದೆ. ಕಚ್ಚಾ ಮಾಲು ಒಳಬರುವಲ್ಲಿಂದ ಸಿದ್ಧ ವಸ್ತು ಹೊರಹೋಗುವವರೆಗಿನ ಹಾದಿಯನ್ನು ಅದೇ ಕಾಗದದ ಮೇಲೆ ಗೆರೆ ಎಳೆದು ನೋಡಬೇಕು. ಗೆರೆಯು ತನ್ನನ್ನು ತಾನೇ ಪದೇ ಪದೇ ದಾಟುತ್ತಿದ್ದರೆ, ಅಷ್ಟು ಸಲ ಕಾರ್ಮಿಕನ ದುಡಿಮೆ ವ್ಯರ್ಥವಾಗುತ್ತದೆಂದು ತಿಳಿಯಬೇಕು. ಈ ಹಂತದಲ್ಲಿ ತಿದ್ದುಪಡಿಗೆ ತಗಲುವುದು ಒಂದು ಹಾಳೆ ಕಾಗದ. ಪ್ಲೈವುಡ್ ಕತ್ತರಿಸಿದ ಮೇಲೆ, ವಿದ್ಯುತ್ ತಂತಿ ಎಳೆದ ಮೇಲೆ ಅದೇ ತಿದ್ದುಪಡಿಗೆ ಕೂಲಿ, ಸಾಮಗ್ರಿ ಎರಡನ್ನೂ ಎರಡು ಬಾರಿ ತೆರಬೇಕಾಗುತ್ತದೆ.

ಜನರ ಎಣಿಕೆ ಮತ್ತು ಹೊರದಾರಿ

ಸ್ಥಳ ಯೋಜನೆಯಲ್ಲಿ ಉಳಿತಾಯದ ಮಾತು ಸಲ್ಲದ ಅಂಶವೊಂದಿದೆ, ಅದು ಹೊರದಾರಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತುಂಬಿದ ಮೇಲಿನ ಮಹಡಿಗಳಿಂದ ಕೆಲವರು ಕೆಳಕ್ಕೆ ಧುಮುಕಿದ್ದರು. ಕಚೇರಿಯ ಹಿಂಬಾಗಿಲಿಗೆ ಕಪಾಟು ಅಡ್ಡವಿಡುವ ಮುನ್ನ, ಮೆಟ್ಟಿಲಿನ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸುವ ಮುನ್ನ ಈ ಘಟನೆಯನ್ನು ನೆನೆಯುವುದು ಒಳ್ಳೆಯದು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೊರದಾರಿಗಳ ಲೆಕ್ಕಕ್ಕಾಗಿ ಕಚೇರಿಗಳಲ್ಲಿ 10 ಚದರ ಮೀಟರಿಗೆ ಒಬ್ಬರಂತೆ, ರಸ್ತೆ ಮಟ್ಟದ ಮಾರಾಟ ಮಳಿಗೆಗಳಲ್ಲಿ 3 ಚದರ ಮೀಟರಿಗೆ ಒಬ್ಬರಂತೆ ಜನರನ್ನು ಎಣಿಸುತ್ತದೆ. ಮೇಲೆ ಹೇಳಿದ 1,400 ಚದರ ಅಡಿ ಎಂದರೆ ಸುಮಾರು 130 ಚದರ ಮೀಟರ್. ಕಚೇರಿಯಾದರೆ 13 ಮಂದಿ. ರಸ್ತೆ ಮಟ್ಟದ ಮಳಿಗೆಯಾದರೆ 43 ಮಂದಿ. ಅದೇ ನೆಲವನ್ನು ಕಚೇರಿಯಿಂದ ಮಳಿಗೆಯಾಗಿ ಮಾರ್ಪಡಿಸಿದಾಗ ಹೊರದಾರಿಯ ಮೇಲಿನ ಹೊರೆ ಮೂರು ಪಟ್ಟು ಮೀರುತ್ತದೆ. ಸಂಹಿತೆಯು ಸ್ವತಃ ಶಿಫಾರಸಿನ ರೂಪದ್ದು. ಸ್ಥಳೀಯ ಕಟ್ಟಡ ಉಪವಿಧಿಗಳು ಮತ್ತು ಅಗ್ನಿಶಾಮಕ ಇಲಾಖೆಯ ಷರತ್ತುಗಳು ಕಡ್ಡಾಯ.

ಕಾರ್ಖಾನೆಗಳ ಮಟ್ಟಿಗೆ, 1948ರ ಕಾಯ್ದೆಯು ಪ್ರತಿ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಅವಕಾಶವಿರಬೇಕೆಂದೂ, 4.2 ಮೀಟರಿಗಿಂತ ಮೇಲಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ಹೊಸ ಘಟಕ ಯೋಜಿಸುವವರು ಅದರ ಅಡಿಯ ನಿಯಮಗಳನ್ನು ನೋಡಿಕೊಂಡೇ ಮುಂದುವರಿಯತಕ್ಕದ್ದು.

ತೆರಿಗೆ ಮತ್ತು ಕರಾರು

ಅಗತ್ಯಗಳ ಪಟ್ಟಿಯಲ್ಲಿ ಕಟ್ಟಡಕ್ಕೆ ಅಂಟಿಕೊಳ್ಳುವ ಕೆಲಸ ಮತ್ತು ಸಾಗಿಸಬಹುದಾದ ಪೀಠೋಪಕರಣ ಇವೆರಡನ್ನೂ ಪ್ರತ್ಯೇಕವಾಗಿ ಬರೆಯುವುದರಿಂದ ನೇರ ಪ್ರಯೋಜನವಿದೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಕಲಮಿನಂತೆ, ಸ್ಥಿರಾಸ್ತಿಯ ನಿರ್ಮಾಣ, ನವೀಕರಣ, ಮಾರ್ಪಾಡುಗಳಿಗೆ ತೆತ್ತ ತೆರಿಗೆಗೆ, ಆ ವೆಚ್ಚವನ್ನು ಬಂಡವಾಳವೆಂದು ಲೆಕ್ಕಕ್ಕೆ ತೆಗೆದುಕೊಂಡಷ್ಟರ ಮಟ್ಟಿಗೆ, ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ತೆರಿಗೆಗೆ ಒಳಪಟ್ಟ ವ್ಯಾಪಾರಕ್ಕೆ ಬಳಸುವ ಬಿಡಿ ಮೇಜು, ಕುರ್ಚಿ, ಕಳಚಿ ಜೋಡಿಸಬಹುದಾದ ರ‍್ಯಾಕುಗಳಿಗೆ ಈ ಅಡ್ಡಿಯಿಲ್ಲ. ಎಲ್ಲವನ್ನೂ ಒಬ್ಬನೇ ಗುತ್ತಿಗೆದಾರನಿಗೆ ಒಪ್ಪಿಸಿ ಒಂದೇ ಬಿಲ್ಲು ಪಡೆದರೆ, ದೊರೆಯಬಹುದಾಗಿದ್ದ ಜಮೆಯೂ ವಿವಾದಕ್ಕೆ ಸಿಲುಕುತ್ತದೆ.

ಬಾಡಿಗೆಯ ಅವಧಿಯನ್ನೂ ಗಮನಿಸಬೇಕು. ಮೂರು ವರ್ಷದ ಕರಾರಿನ ಮಳಿಗೆಯಲ್ಲಿ ಹತ್ತು ವರ್ಷ ಬಾಳುವ ಸ್ಥಿರ ಕಪಾಟು, ನೆಲಹಾಸು, ಸುಳ್ಳು ಛಾವಣಿಗಳಿಗೆ ಹಣ ಹಾಕಿದರೆ ಉಳಿದ ಏಳು ವರ್ಷದ ಪ್ರಯೋಜನ ಕಟ್ಟಡದ ಮಾಲೀಕನಿಗೆ ಸೇರುತ್ತದೆ, ಅಥವಾ ಜಾಗ ಖಾಲಿ ಮಾಡುವಾಗ ಅದನ್ನು ಕೆಡವುವ ಖರ್ಚು ಬಾಡಿಗೆದಾರನ ತಲೆಗೆ ಬರುತ್ತದೆ. ಅವಧಿ ಕಡಿಮೆಯಿದ್ದಷ್ಟೂ ಸಾಗಿಸಬಲ್ಲ ಸಾಮಗ್ರಿಯ ಪಾಲು ಹೆಚ್ಚಿರಬೇಕು.

ಉದ್ಯಮಿಗಳು ಕೈಗೊಳ್ಳಬೇಕಾದ ಕ್ರಮ

ಒಳಾಂಗಣ ವಿನ್ಯಾಸಕಾರರನ್ನು ಕರೆಯುವ ಮೊದಲು ಪ್ರತಿ ಸಂಸ್ಥೆಯೂ ಎರಡು ಪುಟದ ಟಿಪ್ಪಣಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಅಪೇಕ್ಷಣೀಯ. ಇಂದಿನ ಮತ್ತು ಮೂರು ವರ್ಷದ ನಂತರದ ಸಿಬ್ಬಂದಿಯ ಸಂಖ್ಯೆ, ದಿನಕ್ಕೆ ಬರುವ ಗಿರಾಕಿಗಳು, ಸರಕಿನ ಗಾತ್ರ ಮತ್ತು ಚಲಾವಣೆ, ಯಂತ್ರಗಳ ಅಳತೆ ಮತ್ತು ವಿದ್ಯುತ್ ಬೇಡಿಕೆ, ಇಡಲೇಬೇಕಾದ ದಾಖಲೆಗಳು, ಬಾಡಿಗೆಯ ಅವಧಿ, ಖರ್ಚಿನ ಮಿತಿ ಇಷ್ಟು ಅದರಲ್ಲಿದ್ದರೆ ಸಾಕು. ಟಿಪ್ಪಣಿಯನ್ನು ಹಮಾಲಿಯಿಂದ ಮೊದಲ್ಗೊಂಡು ವ್ಯವಸ್ಥಾಪಕನವರೆಗೆ ಅಲ್ಲಿ ಕೆಲಸ ಮಾಡುವವರಿಗೆ ಓದಿ ಹೇಳಿ, ಬಿಟ್ಟುಹೋದುದನ್ನು ಸೇರಿಸಿ, ಮಾಲೀಕನೂ ವಿನ್ಯಾಸಕಾರನೂ ಸಹಿ ಹಾಕಿದ ನಂತರವೇ ನಕ್ಷೆ ಆರಂಭವಾಗಬೇಕು. ಮುಂದೆ ಬದಲಾವಣೆ ಬೇಕಾದಾಗ ಅದು ಮೂಲ ಒಪ್ಪಂದದಲ್ಲಿ ಇತ್ತೇ, ಇಲ್ಲವೇ, ಹೆಚ್ಚುವರಿ ಹಣ ಯಾರು ಕೊಡಬೇಕು ಎಂಬ ತಕರಾರಿಗೂ ಇದೇ ಕಾಗದ ಉತ್ತರ ಕೊಡುತ್ತದೆ.

ಸರಕಿನ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವುದು ಎಲ್ಲ ವ್ಯಾಪಾರಸ್ಥರಿಗೂ ರೂಢಿಯಾಗಿದೆ. ಮಾರ್ಚ್ ಅಂತ್ಯದ ಆ ಎಣಿಕೆಯೊಂದಿಗೆ ಯಾವ ಚದರ ಅಡಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬುದನ್ನೂ ಅಳೆದು ಬರೆದಿಟ್ಟರೆ, ಮುಂದಿನ ಬಾಡಿಗೆ ಕರಾರಿನ ಮಾತುಕತೆಗೆ ಕುಳಿತಾಗ ಎಷ್ಟು ಜಾಗ ಬೇಕೆಂಬುದಕ್ಕೆ ಉದ್ಯಮಿಯ ಬಳಿ ಖಚಿತವಾದ ಅಂಕಿಯಿರುತ್ತದೆ.