ಬೇಟೆಗೆ ಮುನ್ನ ಕೋವಿಯ ಪರೀಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿವರ್ಷ ನವೆಂಬರ್ ತಿಂಗಳ ಉತ್ತರಾರ್ಧದಲ್ಲಿ ಒಂಬತ್ತು ದಿನಗಳ ಕಾಲ ಕೋವಿಯಿಂದ ಜಿಂಕೆಯ ಬೇಟೆಯಾಡುವ ಋತು ಬರುತ್ತದೆ. ಐದು ಲಕ್ಷಕ್ಕೂ ಮಿಕ್ಕ ಜನ ಪರವಾನಗಿ ಪಡೆದು ಕಾಡಿಗೆ ಇಳಿಯುತ್ತಾರೆ. ಅವರು ಅರಸುವುದು ಬಿಳಿಬಾಲದ ಜಿಂಕೆಯನ್ನು. ಅದನ್ನು ತಿಂದು ಬದುಕುವ ತೋಳ ಮೊದಲಾದ ಪ್ರಾಣಿಗಳು ಬಹುಕಡೆ ವಿರಳವಾಗಿರುವುದರಿಂದ ಜಿಂಕೆಗಳು ಮಿತಿಮೀರಿ ಬೆಳೆದು ಕಾಡಿನ ಎಳೆಯ ಸಸಿಗಳನ್ನೂ ಹೊಲದ ಪೈರನ್ನೂ ಮೇದುಬಿಡುತ್ತವೆ. ಆದಕಾರಣ ಬೇಟೆಯ ಕಾಲವನ್ನೂ ಮಿತಿಯನ್ನೂ ಸರ್ಕಾರವೇ ಗೊತ್ತುಮಾಡುತ್ತದೆ. ನಮ್ಮ ದೇಶದಲ್ಲಾದರೋ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆ, ಕಡವೆಗಳನ್ನು ಕೊಲ್ಲುವುದು ಅಪರಾಧ. ಬೇಟೆ ನಮಗೆ ಸಲ್ಲದಾದರೂ, ಅಲ್ಲಿನ ಬೇಟೆಗಾರನು ಋತುವಿಗೆ ಮುಂಚೆ ಕೋವಿಯನ್ನು ಆರಿಸುವ, ಅಣಿಗೊಳಿಸುವ ಕ್ರಮದಲ್ಲಿ ಭೌತವಿಜ್ಞಾನದ ಹಲವು ನಿಯಮಗಳು ಕಣ್ಣಿಗೆ ಕಾಣುವಂತೆ ಕೆಲಸಮಾಡುವುದರಿಂದ ಅದು ನಾವು ತಿಳಿಯತಕ್ಕ ವಿಷಯವೇ ಸರಿ.

ಜಿಂಕೆಯ ಮುಂಗಾಲಿನ ಹಿಂಬದಿಯಲ್ಲಿ, ಹೃದಯವೂ ಶ್ವಾಸಕೋಶಗಳೂ ಇರುವ ಭಾಗ ಸುಮಾರು ೨೦ ಸೆಂಟಿಮೀಟರ್ ಅಗಲವಾದದ್ದು. ಗುಂಡು ಅಲ್ಲಿ ತಾಗಿದರೆ ಪ್ರಾಣಿ ಬೇಗನೆ ಸಾಯುತ್ತದೆ. ಒಂದು ಗೇಣು ಪಕ್ಕಕ್ಕೆ ಸರಿದು ಹೊಟ್ಟೆಗೋ ಕಾಲಿಗೋ ತಾಗಿದರೆ, ಅದು ಓಡಿಹೋಗಿ ಪೊದೆಯೊಂದರಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಗಾರನಿಗೆ ಮಾಂಸವೂ ದಕ್ಕದು. ಆ ಒಂದು ಗೇಣಿನ ಅಂತರವನ್ನು ಕಾಯುವುದೇ ಈ ಸಿದ್ಧತೆಯ ಉದ್ದೇಶ.

ಯಾವ ಕೋವಿ?

೧೮೯೫ರಲ್ಲಿ ಬಳಕೆಗೆ ಬಂದ ೩೦-೩೦ ವಿಂಚೆಸ್ಟರ್ ಎಂಬ ತೋಟಾ ಅಮೆರಿಕದ ಜಿಂಕೆಬೇಟೆಯಲ್ಲಿ ಬಹು ಹೆಸರುವಾಸಿ. ಅದರ ೧೧ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು ೬೭೦ ಮೀಟರ್ ವೇಗದಿಂದ ಹೊರಡುತ್ತದೆ. ಕೈಯಿಂದ ಸನ್ನೆಯನ್ನು ಇಳಿಸಿ ಏರಿಸಿ ತೋಟಾ ತುಂಬುವ ಕೋವಿಗೆ ಇದನ್ನು ರೂಪಿಸಿದ್ದರು. ಈ ಬಗೆಯ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ಒಂದರ ಹಿಂದೊಂದು ಸಾಲಾಗಿ ಕುಳಿತಿರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟಾದ ಕೇಪನ್ನು ಚುಚ್ಚಿ ಸಿಡಿಸುವ ಅಪಾಯವುಂಟು. ಆದ್ದರಿಂದ ಅದರ ಮೂತಿಯನ್ನು ಮೊಂಡಾಗಿ ಮಾಡುವರು. ಮೊಂಡು ಮೂತಿಗೆ ಗಾಳಿಯ ಅಡ್ಡಿ ಹೆಚ್ಚು, ವೇಗ ಬೇಗ ಕುಗ್ಗುತ್ತದೆ. ನೂರು ಮೀಟರಿನಾಚೆ ನೋಟವೇ ಹರಿಯದ ದಟ್ಟ ಕಾಡಿನಲ್ಲಿ ಇದೊಂದು ಕೊರತೆಯಲ್ಲ. ಬಯಲುಸೀಮೆಯಲ್ಲಿ ದೂರ ಹೊಡೆಯಬೇಕಾದವರು ೧೯೦೬ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ೩೦-೦೬ ಸ್ಪ್ರಿಂಗ್‌ಫೀಲ್ಡ್ ತೋಟಾವನ್ನು ಮೆಚ್ಚುತ್ತಾರೆ. ಅದರ ೯.೭ ಗ್ರಾಂ ತೂಕದ ಚೂಪಾದ ಗುಂಡಿನ ವೇಗ ಸೆಕೆಂಡಿಗೆ ಸುಮಾರು ೮೮೭ ಮೀಟರ್.

ಹಾಗಾದರೆ ಹೆಚ್ಚು ಶಕ್ತಿಯ ಕೋವಿಯೇ ಮೇಲಲ್ಲವೆ? ಅಲ್ಲ. ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ಹೇಳಿದುದನ್ನು ಬೇಟೆಗಾರನ ಭುಜ ಬಲ್ಲುದು. ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಚಿಮ್ಮುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ೩.೬ ಕಿಲೋಗ್ರಾಂ ತೂಕದ ೩೦-೦೬ ಕೋವಿ ಸೆಕೆಂಡಿಗೆ ಮೂರೂವರೆ ಮೀಟರಿನಷ್ಟು ವೇಗದಿಂದ ಹಿಂದೆ ಸರಿಯುತ್ತದೆ. ೧೯೫೫ರಲ್ಲಿ ಬಂದ ೨೪೩ ವಿಂಚೆಸ್ಟರ್ ಎಂಬ ಸಣ್ಣ ತೋಟಾವನ್ನು ಅಷ್ಟೇ ತೂಕದ ಕೋವಿಯಲ್ಲಿ ಹಾರಿಸಿದರೆ ಒದೆತದ ಶಕ್ತಿ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಒದೆತಕ್ಕೆ ಅಂಜಿದವನು ಕುದುರೆಯನ್ನು ಎಳೆಯುವ ಮುನ್ನವೇ ಕಣ್ಣುಮುಚ್ಚಿ ಭುಜವನ್ನು ಅಲುಗಿಸುತ್ತಾನೆ. ಆಗ ಗುರಿ ತಪ್ಪದೆ ಇದ್ದೀತೆ? ಅಂಜದೆ ಹೊಡೆಯಬಲ್ಲ ಕೋವಿಯೇ ಅವರವರಿಗೆ ತಕ್ಕ ಕೋವಿ.

ಗುರಿ ಕೂಡಿಸುವುದು

ಗುಂಡು ನೇರವಾಗಿ ಹೋಗುತ್ತದೆಂಬುದು ಬರಿಯ ಭ್ರಮೆ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಅದು ಕೈಬಿಟ್ಟ ಕಲ್ಲಿನಂತೆ ಬೀಳತೊಡಗುತ್ತದೆ. ೩೦-೦೬ರ ಗುಂಡು ೧೦೦ ಮೀಟರ್ ಸಾಗುವುದರೊಳಗೆ ಸುಮಾರು ೭ ಸೆಂಟಿಮೀಟರ್ ಬಿದ್ದಿರುತ್ತದೆ. ೨೦೦ ಮೀಟರಿನಲ್ಲಿ ಸುಮಾರು ೩೦. ದೂರ ಎರಡರಷ್ಟಾದರೆ ಬೀಳುವಿಕೆ ನಾಲ್ಕರಷ್ಟಕ್ಕೂ ತುಸು ಮೀರುತ್ತದೆಂಬುದನ್ನು ಗಮನಿಸಬೇಕು. ಇದನ್ನು ಸರಿದೂಗಿಸಲು ನೋಟದ ರೇಖೆಗಿಂತ ನಳಿಗೆ ಕೂದಲೆಳೆಯಷ್ಟು ಮೇಲಕ್ಕೆ ಮುಖಮಾಡಿರುವಂತೆ ದುರ್ಬೀನನ್ನು ಹೊಂದಿಸುತ್ತಾರೆ. ಈ ಗುಂಡು ೧೦೦ ಮೀಟರಿನಲ್ಲಿ ಗುರಿಯಿಂದ ೪ ಸೆಂಟಿಮೀಟರ್ ಮೇಲೆ ತಾಗುವಂತೆ ಮಾಡಿದರೆ, ಸುಮಾರು ೧೮೦ ಮೀಟರಿನಲ್ಲಿ ಗುರಿಗೇ ಬಂದು ತಾಗುತ್ತದೆ.

ಪರೀಕ್ಷೆಯ ಕ್ರಮ ಹೀಗೆ: ಕೋವಿ ಬರಿದಾಗಿದೆಯೆಂದು ಮೊದಲು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ತಿಳಿಯಬೇಕು. ನಳಿಗೆಯ ಮೇಲೆ ಕೊರೆದಿರುವ ತೋಟಾದ ಹೆಸರೂ ತೋಟಾದ ತಳದಲ್ಲಿರುವ ಹೆಸರೂ ಒಂದೇ ಆಗಿರಬೇಕು. ದುರ್ಬೀನಿನ ತಿರುಪುಗಳು ಬಿಗಿಯಾಗಿರಬೇಕು. ಅನಂತರ ಮರಳುಚೀಲದ ಮೇಲೆ ಕೋವಿಯನ್ನು ಒರಗಿಸಿ, ಮೊದಲು ೨೫ ಮೀಟರಿನಲ್ಲಿ, ಆಮೇಲೆ ೧೦೦ ಮೀಟರಿನಲ್ಲಿ ಕಾಗದದ ಗುರಿಗೆ ಮೂರು ಮೂರು ಗುಂಡು ಹಾರಿಸುತ್ತಾರೆ. ಮೂರು ತೂತುಗಳು ಎಷ್ಟು ಹತ್ತಿರ ಕೂಡಿವೆಯೆಂಬುದು ಕೋವಿಯ, ತೋಟಾದ ಹಾಗೂ ಹೊಡೆಯುವ ಕೈಯ ಗುಣ. ಆ ಗುಂಪು ಎಲ್ಲಿ ಬಿದ್ದಿದೆಯೆಂಬುದು ದುರ್ಬೀನಿನ ಹೊಂದಾಣಿಕೆ. ಗುಂಪು ಚದರಿದ್ದರೆ ದುರ್ಬೀನನ್ನು ತಿರುಗಿಸಿ ಫಲವಿಲ್ಲ. ಗುಂಪು ಕೂಡಿದ್ದು ಪಕ್ಕಕ್ಕೆ ಬಿದ್ದಿದ್ದರೆ ಗುಂಡಿಯನ್ನು ತಿರುಗಿಸಬೇಕು. ಸಾಮಾನ್ಯ ದುರ್ಬೀನುಗಳಲ್ಲಿ ಒಂದು ‘ಟಿಕ್’ ಎಂದರೆ ೧೦೦ ಮೀಟರಿನಲ್ಲಿ ಸುಮಾರು ೭ ಮಿಲಿಮೀಟರ್. ನಡುನಡುವೆ ನಳಿಗೆ ಆರಲು ಬಿಡುವುದು ಅವಶ್ಯ. ಕಾದ ಲೋಹ ಹಿಗ್ಗಿ ಗುರಿಯನ್ನು ಸರಿಸುತ್ತದೆ, ಕಾಡಿನಲ್ಲಿ ಹಾರುವ ಮೊದಲ ಗುಂಡಾದರೋ ತಣ್ಣಗಿರುವ ನಳಿಗೆಯಿಂದಲೇ. ತಯಾರಕರು ಬದಲಾದರೆ ಗುಂಡು ತಾಗುವ ಜಾಗವೂ ಬದಲಾಗಬಹುದು. ಆದುದರಿಂದ ಬೇಟೆಗೆ ಒಯ್ಯುವ ತೋಟಾದಿಂದಲೇ ಪರೀಕ್ಷಿಸತಕ್ಕದ್ದು.

ಚಳಿ, ತೇವ, ಎಣ್ಣೆ

ವಿಸ್ಕಾನ್ಸಿನ್ನಿನ ನವೆಂಬರ್ ನೀರು ಹೆಪ್ಪುಗಟ್ಟುವ ಚಳಿಯದು. ಧಾರಾಳವಾಗಿ ಬಳಿದ ಎಣ್ಣೆ ಅಂಥ ಚಳಿಯಲ್ಲಿ ಮಂದವಾಗಿ, ಕೇಪನ್ನು ಹೊಡೆಯುವ ಮೊಳೆಯ ಪೆಟ್ಟನ್ನು ತಗ್ಗಿಸುತ್ತದೆ. ತೋಟಾ ಸಿಡಿಯದೆ ಹೋಗಬಹುದು. ಅದಕ್ಕಾಗಿ ಎಣ್ಣೆಯನ್ನು ತೆಳುವಾಗಿ ಸವರಿ ಒರೆಸುವರು. ಕಾಡಿನಿಂದ ಬೆಚ್ಚಗಿನ ಕೋಣೆಗೆ ತಂದ ಕೋವಿ, ತಣ್ಣೀರಿನ ಲೋಟ ಬೆವರುವಂತೆ ಬೆವರುತ್ತದೆ. ಒರೆಸದಿದ್ದರೆ ತುಕ್ಕು ನಿಶ್ಚಯ. ಮರದ ಹಿಡಿ ತೇವವನ್ನು ಹೀರಿ ಉಬ್ಬಿ ನಳಿಗೆಯನ್ನು ಒತ್ತಿದರೆ ಸೆಪ್ಟೆಂಬರಿನಲ್ಲಿ ಕೂಡಿಸಿದ ಗುರಿ ನವೆಂಬರಿನಲ್ಲಿ ಉಳಿಯದು. ಋತು ತೊಡಗುವ ಮುನ್ನ ಮತ್ತೊಮ್ಮೆ ಹೊಡೆದು ನೋಡುವುದು ಇದಕ್ಕಾಗಿಯೇ.

ಗುಂಡಿನ ಲೋಹವೂ ವಿಚಾರಿಸತಕ್ಕದ್ದೇ. ಸೀಸದ ಗುಂಡು ಮಾಂಸವನ್ನು ಹೊಕ್ಕಾಗ ಸಣ್ಣ ಚೂರುಗಳಾಗಿ ಚದರುತ್ತದೆ. ಬೇಟೆಗಾರರು ಬಿಟ್ಟುಹೋದ ಕರುಳನ್ನು ತಿಂದ ಹದ್ದುಗಳಿಗೂ ಕ್ಯಾಲಿಫೋರ್ನಿಯದ ಕಾಂಡೋರ್ ಪಕ್ಷಿಗಳಿಗೂ ಆ ಚೂರುಗಳೇ ವಿಷ. ಕ್ಯಾಲಿಫೋರ್ನಿಯ ರಾಜ್ಯ ೨೦೧೯ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ತಾಮ್ರದ ಗುಂಡು ಒಡೆಯದೆ ಹೂವಿನಂತೆ ಅರಳುತ್ತದೆ. ಆದರೆ ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೆ ಬದಲಾಯಿಸಿದವನು ಗುರಿಯನ್ನು ಹೊಸದಾಗಿ ಕೂಡಿಸಬೇಕು.

ಇಷ್ಟೆಲ್ಲ ಸಿದ್ಧತೆಯಾದ ಮೇಲೂ ಉಳಿಯುವ ಮಾತೊಂದುಂಟು. ಬೇಟೆಗಾರರು ಸೊಂಟದ ಮೇಲಿನ ಉಡುಪಿನಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹೊಳೆಯುವ ಕಿತ್ತಳೆ ಬಣ್ಣವನ್ನು ತೊಡಬೇಕೆಂದು ವಿಸ್ಕಾನ್ಸಿನ್ನಿನ ಕಾನೂನು ವಿಧಿಸುತ್ತದೆ. ೨೦೧೬ರಿಂದ ಹೊಳೆಯುವ ಗುಲಾಬಿ ಬಣ್ಣಕ್ಕೂ ಅನುಮತಿಯಿದೆ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆಗಳು ನಮಗೆ ಕಾಣುವಂತೆ ಎದ್ದು ಕಾಣವು. ಮನುಷ್ಯನ ಕಣ್ಣಿಗೆ ಮಾತ್ರ ದೂರದಿಂದಲೇ ಎಚ್ಚರಿಕೆ ದೊರೆಯುತ್ತದೆ. ಜಿಂಕೆಗೆ ತಾಗದ ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ೩೦-೦೬ರ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲುದು. ಜಿಂಕೆಯ ಹಿಂದೆ ಮಣ್ಣಿನ ದಿಬ್ಬವಿದೆಯೋ, ಯಾರದೋ ಮನೆಯಿದೆಯೋ ಎಂಬುದನ್ನು ನೋಡಿ ತಿಳಿಯದೆ ಕುದುರೆಯ ಮೇಲೆ ಬೆರಳಿಡಬಾರದು.