ನೆಬ್ರಾಸ್ಕದ ಜಮೀನೂ ನಮ್ಮ ಸಾಲದ ಅರ್ಜಿಯೂ



ಕಳೆದ ಮಹಾಸಭೆಯಲ್ಲಿ ಲೆಕ್ಕಪತ್ರಗಳ ಮಂಜೂರಾತಿ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿಂದಿನ ಸಾಲಿನಿಂದ ಯುವ ಸದಸ್ಯರೊಬ್ಬರು ಎದ್ದು ನಿಂತು, "ಸೆಕ್ರೆಟರಿ ಸಾರ್, ನಮ್ಮ ತೋಟದ ಪಕ್ಕದ ನಾಲ್ಕು ಎಕರೆ ಮಾರಾಟಕ್ಕೆ ಬಂದಿದೆ. ಕಾಫಿಗೆ ಇಂಥ ಧಾರಣೆಯನ್ನು ನಮ್ಮ ಅಪ್ಪ ಕಂಡವರಲ್ಲ. ಸಾಲ ಮಾಡಿ ಕೊಳ್ಳಬಹುದೋ, ಬೇಡವೋ?" ಎಂದು ಕೇಳಿದರು. ಸಾರು ಆರುತ್ತಿದ್ದುದರಿಂದ ನಾವು ಏನೋ ಹಾರಿಕೆಯ ಉತ್ತರ ಕೊಟ್ಟು ಕುಳಿತುಬಿಟ್ಟೆವು. ಮನೆಗೆ ಬಂದ ಮೇಲೆ ಅದು ಸರಿಯಾಗಲಿಲ್ಲವೆನಿಸಿತು. ಆ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವ ಪ್ರಯತ್ನ ಮಾಡುತ್ತೇವೆ. ಉತ್ತರ ಸ್ವಲ್ಪ ದೂರದಿಂದ ಬರುತ್ತದೆ. ಸದಸ್ಯರು ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಅಮೆರಿಕದ ವಾರೆನ್ ಬಫೆಟ್ ಎಂಬ ಹೂಡಿಕೆದಾರರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. 1930ರಲ್ಲಿ ನೆಬ್ರಾಸ್ಕ ಸಂಸ್ಥಾನದ ಒಮಾಹಾದಲ್ಲಿ ಹುಟ್ಟಿದವರು. ಸೊರಗುತ್ತಿದ್ದ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆ ಗಿರಣಿಯನ್ನು 1965ರಲ್ಲಿ ಕೈಗೆ ತೆಗೆದುಕೊಂಡು, ಗಿರಣಿ 1985ರಲ್ಲಿ ಮುಚ್ಚಿಹೋದರೂ, ಅದೇ ಹೆಸರಿನಲ್ಲಿ ವಿಮೆ, ರೈಲು, ವಿದ್ಯುತ್ತುಗಳ ದೊಡ್ಡ ಸಾಮ್ರಾಜ್ಯವನ್ನೇ ಕಟ್ಟಿದರು. 2011ರ ಮಾರ್ಚಿನಲ್ಲಿ ತಮ್ಮ ಕಂಪೆನಿಗೆ ಸೇರಿದ ಕಾರ್ಖಾನೆಯೊಂದನ್ನು ನೋಡಲು ಬೆಂಗಳೂರಿಗೂ ಬಂದಿದ್ದರು. 2025ರ ಕೊನೆಗೆ ಮುಖ್ಯಾಧಿಕಾರಿಯ ಸ್ಥಾನವನ್ನು ಗ್ರೆಗ್ ಏಬಲ್ ಎಂಬವರಿಗೆ ಬಿಟ್ಟುಕೊಡುವುದಾಗಿ ಆ ವರ್ಷದ ಮೇ ತಿಂಗಳಲ್ಲಿ ಸಾರಿದರು. ಪಾಲುದಾರರಿಗೆ ಅವರು ವರ್ಷಕ್ಕೊಮ್ಮೆ ಬರೆಯುತ್ತಿದ್ದ ಕಾಗದಗಳನ್ನು ನಾವು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ಶ್ರೀಮಂತರಾಗುವ ಆಸೆಯಿಂದಲ್ಲ, ಆ ವಯಸ್ಸು ದಾಟಿತು. ಮಾಡಿದ ತಪ್ಪನ್ನು ಲೆಕ್ಕಸಮೇತ ಬರೆದುಕೊಳ್ಳುವ ಯಜಮಾನರು ಅಪರೂಪವೆಂಬ ಕಾರಣಕ್ಕೆ.

ಆ ಕಾಗದಗಳ ಪೈಕಿ 2014ರಲ್ಲಿ ಬರೆದ ಒಂದರಲ್ಲಿ ಒಂದು ಬೇಸಾಯದ ಜಮೀನಿನ ಕಥೆಯಿದೆ. 1973ರಿಂದ 1981ರವರೆಗೆ ಅಮೆರಿಕದ ಮಧ್ಯಭಾಗದಲ್ಲಿ ಜಮೀನಿನ ಬೆಲೆ ಏರುತ್ತಲೇ ಹೋಯಿತು. ಹಣದುಬ್ಬರ ಇನ್ನು ನಿಲ್ಲುವುದಿಲ್ಲ, ದುಡ್ಡು ಕೈಯಲ್ಲಿದ್ದರೆ ಕರಗುತ್ತದೆ, ಭೂಮಿಯೊಂದೇ ಉಳಿಯುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಬೇರೂರಿತ್ತು. ಹಳ್ಳಿಯ ಸಣ್ಣ ಬ್ಯಾಂಕುಗಳು ಆ ನಂಬಿಕೆಯ ಮೇಲೆ ಧಾರಾಳವಾಗಿ ಸಾಲ ಕೊಟ್ಟವು. ಅಲ್ಲಿಯ ಕೇಂದ್ರ ಬ್ಯಾಂಕು ಹಣದುಬ್ಬರವನ್ನು ಹಿಡಿಯಲು ಬಡ್ಡಿಯನ್ನು ವಿಪರೀತ ಏರಿಸಿದ ಮೇಲೆ ಗುಳ್ಳೆ ಒಡೆಯಿತು. ಜಮೀನಿನ ಬೆಲೆ ಅರ್ಧಕ್ಕೂ ಕೆಳಗೆ ಬಿತ್ತು. ಸಾಲ ಮಾಡಿದ ರೈತನೂ ಕೊಟ್ಟ ಬ್ಯಾಂಕೂ ಒಟ್ಟಿಗೆ ಮುಳುಗಿದರು. 2008ರ ಮಹಾ ಕುಸಿತದಲ್ಲಿ ಅಯೋವಾ, ನೆಬ್ರಾಸ್ಕಗಳಲ್ಲಿ ಬಿದ್ದ ಬ್ಯಾಂಕುಗಳ ಐದು ಪಟ್ಟು ಬ್ಯಾಂಕುಗಳು ಅಂದು ಬಿದ್ದವೆಂದು ಬಫೆಟ್ ಬರೆಯುತ್ತಾರೆ.

1986ರಲ್ಲಿ ಅವರು ಒಮಾಹಾದ ಉತ್ತರಕ್ಕೆ 50 ಮೈಲಿ ದೂರದಲ್ಲಿ 400 ಎಕರೆ ಜಮೀನನ್ನು 2,80,000 ಡಾಲರಿಗೆ ಕೊಂಡರು. ಮಾರಿದ್ದು ಠೇವಣಿಗಳಿಗೆ ವಿಮೆ ಕೊಡುವ ಸರ್ಕಾರಿ ನಿಗಮ. ಅದೇ ಜಮೀನಿನ ಮೇಲೆ, ಆಮೇಲೆ ಮುಳುಗಿಹೋದ ಬ್ಯಾಂಕೊಂದು ಕೆಲವೇ ವರ್ಷಗಳ ಹಿಂದೆ ಇದಕ್ಕಿಂತ ಎಷ್ಟೋ ಹೆಚ್ಚು ಸಾಲ ಕೊಟ್ಟಿತ್ತು! ತಮಗೆ ಬೇಸಾಯ ತಿಳಿಯದೆಂದು ಅವರೇ ಒಪ್ಪುತ್ತಾರೆ. ಮಗನಿಗೆ ತಿಳಿದಿತ್ತು. ಎಕರೆಗೆ ಎಷ್ಟು ಜೋಳ, ಎಷ್ಟು ಸೋಯಾ ಬರುತ್ತದೆ, ಖರ್ಚೆಷ್ಟು ಎಂದು ಅವನನ್ನು ಕೇಳಿ ತಿಳಿದುಕೊಂಡರು. ಹಾಕಿದ ದುಡ್ಡಿಗೆ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹುಟ್ಟುವಳಿ ಎಂದು ಲೆಕ್ಕ ಬಂತು, ಕೊಂಡರು. 28 ವರ್ಷಗಳ ಮೇಲೆ ಉತ್ಪನ್ನ ಮೂರು ಪಟ್ಟಾಗಿತ್ತು, ಬೆಲೆ ಐದು ಪಟ್ಟನ್ನೂ ಮೀರಿತ್ತು. ಅಷ್ಟೂ ಕಾಲದಲ್ಲಿ ಅವರು ಆ ಜಮೀನನ್ನು ನೋಡಲು ಹೋದದ್ದು ಎರಡೇ ಸಲ.

ಪಕ್ಕದ ಜಮೀನಿನವನು ದಿನಾ ಬೇಲಿಯ ಬಳಿ ನಿಂತು ಇವತ್ತಿನ ಬೆಲೆ ಇಷ್ಟು ಎಂದು ಕೂಗಿದರೆ ನಿಮ್ಮ ಜಮೀನಿನ ಫಸಲು ಬದಲಾಗುತ್ತದೆಯೇ, ಎಂಬ ಅರ್ಥದ ಮಾತನ್ನೂ ಅವರು ಅಲ್ಲಿ ಹೇಳುತ್ತಾರೆ. ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ರಾಶಿ ಎಷ್ಟು, ಚೆರ್ರಿ ಎಷ್ಟು ಎಂದು ನೋಡಿಕೊಂಡೇ ಮುಖ ತೊಳೆಯುವ ನಮಗೆ (ಈ ಬರಹಗಾರರನ್ನೂ ಸೇರಿಸಿ) ಇದು ಸ್ವಲ್ಪ ನಾಟಬೇಕು.

ಇನ್ನು ನಮ್ಮ ಮನೆಯ ಲೆಕ್ಕ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಯ ಧಾರಣೆ ಏರಿದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. 1997ರಲ್ಲಿ ಧಾರಣೆ ಮತ್ತೆ ಜಿಗಿದಾಗ ನಾವೂ ತೀರ್ಥರೂಪರೂ ಕೂಡಿ ಪಕ್ಕದ ಆರು ಎಕರೆಯನ್ನು ಬ್ಯಾಂಕಿನ ಸಾಲದಲ್ಲಿ ಕೊಂಡೆವು. ಬ್ಯಾಂಕಿನ ಹೆಸರು ಬೇಡ. ಮ್ಯಾನೇಜರರು ತಾವಾಗಿ ಮನೆಗೆ ಬಂದು, ಕಾಫಿ ಕುಡಿದು, ಇನ್ನೂ ಸ್ವಲ್ಪ ಹೆಚ್ಚು ತೆಗೆದುಕೊಳ್ಳಿ ಎಂದವರು. ಕಂತನ್ನು ಕಟ್ಟಿದ್ದು ಆ ವರ್ಷದ ಧಾರಣೆಯ ಮೇಲೆ. 2001ರ ಹೊತ್ತಿಗೆ ಅಂತರರಾಷ್ಟ್ರೀಯ ಕಾಫಿ ಧಾರಣೆ ಸರಾಸರಿ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಇಳಿದಿತ್ತು. ಗಿಡಗಳು ಅವೇ, ಫಸಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕುಯ್ಲಿನ ಕೂಲಿ ಕೊಟ್ಟರೆ ಕಂತಿಗೆ ಉಳಿಯುತ್ತಿರಲಿಲ್ಲ. ಸಿಲ್ವರ್ ಮರ ಕಡಿಸಿ ಮಾರಿದೆವು, ಕಾಳುಮೆಣಸಿನ ಹಣವನ್ನೆಲ್ಲ ಸುರಿದೆವು. ಕಡೆಗೆ ಆರರಲ್ಲಿ ಮೂರು ಎಕರೆಯನ್ನು, ನಮ್ಮ ಹಳೆಯ ತೋಟದ ಅಂಚಿನ ಒಂದು ತುಂಡನ್ನೂ ಸೇರಿಸಿ, ಬಿಟ್ಟುಕೊಟ್ಟೆವು. ತೀರ್ಥರೂಪರು ಆಮೇಲೆ ಆ ದಿಕ್ಕಿಗೆ ನಡೆಯಲು ಹೋಗಲಿಲ್ಲ.

ಬ್ಯಾಂಕುಗಳ ವಿಷಯದಲ್ಲಿ ಬಫೆಟ್ಟರ ಅಭಿಪ್ರಾಯ ಸರಳ. 1990ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕಿನ ಹತ್ತರಲ್ಲೊಂದು ಪಾಲನ್ನು ಕೊಂಡಾಗಲೇ, ಈ ವ್ಯವಹಾರ ತಮಗೆ ಬಹಳ ಪ್ರಿಯವಾದುದಲ್ಲವೆಂದು ಬರೆದಿದ್ದರು. ಬ್ಯಾಂಕಿನ ಸ್ವಂತ ಬಂಡವಾಳ ಒಂದು ರೂಪಾಯಿಯಾದರೆ ಅದು ಕೊಟ್ಟಿರುವುದು ಇಪ್ಪತ್ತು ರೂಪಾಯಿ. ನೂರಕ್ಕೆ ಐದರಷ್ಟು ಸಾಲ ಮುಳುಗಿದರೆ ಬಂಡವಾಳವೆಲ್ಲ ಹೋದಂತೆ. ಆದ್ದರಿಂದ ಬ್ಯಾಂಕು ಎಂದರೆ ಅದನ್ನು ನಡೆಸುವವರ ವಿವೇಕವೇ ಹೊರತು ಕಟ್ಟಡವಲ್ಲ. ಅದೇ ವೆಲ್ಸ್ ಫಾರ್ಗೊದಲ್ಲಿ ಗಿರಾಕಿಗಳಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆ ತೆರೆದ ಹಗರಣ 2016ರಲ್ಲಿ ಹೊರಬಂದಿತು. ಬಫೆಟ್ ತಮ್ಮ ಪಾಲನ್ನು ಕ್ರಮೇಣ ಮಾರಿ ಕೈ ತೊಳೆದುಕೊಂಡರು. 2023ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಸಿಲಿಕಾನ್ ವ್ಯಾಲಿ ಬ್ಯಾಂಕು ಎರಡೇ ದಿನದಲ್ಲಿ ಮುಳುಗಿದಾಗ, ಬ್ಯಾಂಕು ಬಿದ್ದರೆ ಅದನ್ನು ನಡೆಸಿದವರೂ ನಿರ್ದೇಶಕರೂ ನಷ್ಟ ಅನುಭವಿಸಬೇಕು, ಇಲ್ಲವಾದರೆ ಯಾರೂ ಪಾಠ ಕಲಿಯರು ಎಂದರು.

ನಿರ್ದೇಶಕರ ಮಾತು ಬಂದಾಗ ನಮ್ಮ ಆಡಳಿತ ಮಂಡಳಿಯವರು ಈ ಪುಟವನ್ನು ಮಗುಚಿಬಿಡಬಾರದು. ನಮ್ಮ ದೇಶದಲ್ಲಿ ಬ್ಯಾಂಕಿನ ಠೇವಣಿದಾರರಿಗೆ ತಲಾ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ರಲ್ಲಿ ಅದನ್ನು ಒಂದು ಲಕ್ಷದಿಂದ ಏರಿಸಿದರು. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಆದರೆ ನಮ್ಮದರಂಥ ಪ್ರಾಥಮಿಕ ಸಹಕಾರ ಸಂಘಗಳು ಅದರೊಳಗೆ ಬರುವುದಿಲ್ಲ. ಹಾಗಾಗಿ ಯುವ ಸದಸ್ಯರಿಗೆ ನಾವು ಕೊಡುವ ಸಾಲ, ಮಗಳ ಮದುವೆಗೆಂದು ಇನ್ನೊಬ್ಬ ಸದಸ್ಯರು ನಮ್ಮಲ್ಲಿ ಇಟ್ಟ ಠೇವಣಿಯೇ. ಅದು ಮುಳುಗಿದರೆ ತುಂಬಿಕೊಡಲು ಹಿಂದೆ ಯಾವ ನಿಗಮವೂ ನಿಂತಿಲ್ಲ. ಇದನ್ನು ಬರೆದರೆ ಠೇವಣಿ ಹಿಂತೆಗೆದಾರೆಂದು ಕೆಲವರು ಅಂಜಿದರು. ತಿಳಿದು ಇಟ್ಟ ಠೇವಣಿಯೇ ಗಟ್ಟಿಯೆಂದು ನಮ್ಮ ಅಭಿಪ್ರಾಯ.

ವಿದ್ಯುತ್ತು, ಇಂಧನಗಳ ವಿಷಯಕ್ಕೆ ಬಂದರೆ ಅವರ ಮಾತು ಇನ್ನೂ ಸ್ವಾರಸ್ಯವಾಗಿದೆ. ಅವರ ವಿದ್ಯುತ್ ಕಂಪೆನಿ ಅಯೋವಾದಲ್ಲಿ 2004ರಿಂದೀಚೆಗೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿತು. ಪರಿಸರಪ್ರೇಮದ ಭಾಷಣ ಬಂದೀತೆಂದು ನಿರೀಕ್ಷಿಸಿದವರಿಗೆ 2014ರಲ್ಲಿ ಅವರು, ತೆರಿಗೆ ರಿಯಾಯಿತಿ ಇರುವುದರಿಂದಲೇ ಇವನ್ನು ಕಟ್ಟುತ್ತಿದ್ದೇವೆ, ಅದಿಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ ಎಂದುಬಿಟ್ಟರು. ಅದೇ ಮನುಷ್ಯ ಪೆಟ್ರೋಲಿಯಂ ಕಂಪೆನಿಗಳ ಪಾಲನ್ನೂ ಕೊಂಡರು. ಚೀನಾದ ಬಿವೈಡಿ ಎಂಬ ಬ್ಯಾಟರಿ, ಕಾರು ಕಂಪೆನಿಯಲ್ಲಿ 2008ರಲ್ಲಿ ಸುಮಾರು 23 ಕೋಟಿ ಡಾಲರ್ ಹಾಕಿ, 2022ರಿಂದ ಹಲವು ಪಟ್ಟು ಬೆಲೆಗೆ ಮಾರತೊಡಗಿದರು. ಗಾಳಿ, ಬಿಸಿಲು ಸಿಗುವುದು ಊರಿನಿಂದ ದೂರದಲ್ಲಿ, ಕರೆಂಟು ಬೇಕಾಗುವುದು ಊರಿನಲ್ಲಿ; ಆದ್ದರಿಂದ ಯಂತ್ರಕ್ಕಿಂತ ಮೊದಲು ತಂತಿ ಎಳೆಯಬೇಕು ಎಂಬುದೂ ಅವರ ಮಾತೇ. ಲೈನು ಎಳೆಸಲು ಕಛೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋಲಾರ್ ಪಂಪಿನ ಬಗ್ಗೆ ಸದಸ್ಯರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರದ ಕುಸುಮ್ ಯೋಜನೆ ಬಂದಂದಿನಿಂದ ಸಹಾಯಧನದ ಆಸೆಯೂ ಇದೆ. ಬಫೆಟ್ಟರ ರೀತಿಯಲ್ಲೇ ಲೆಕ್ಕ ಹಾಕಿ: ಸಹಾಯಧನ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು, ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ. ಅಡಿಕೆಗೆ ಬೇಸಿಗೆಯುದ್ದಕ್ಕೂ ದಿನಾ ಸ್ವಲ್ಪ ಸ್ವಲ್ಪ ಹನಿ ನೀರು ಬೇಕು, ಅದಕ್ಕೆ ಬಿಸಿಲಿನ ಪಂಪು ಒಗ್ಗುತ್ತದೆ. ಕಾಫಿಯ ಹೂವಿಗೆ ಕೆಲವೇ ದಿನಗಳಲ್ಲಿ ಭಾರಿ ಒತ್ತಡದ ಸ್ಪ್ರಿಂಕ್ಲರು ಓಡಬೇಕು. ಉಳಿದಂತೆ ವರ್ಷವೆಲ್ಲ ಪಂಪು ಸುಮ್ಮನೆ ಕೂತಿರುತ್ತದೆ. ಅಷ್ಟಕ್ಕೇ ದೊಡ್ಡ ಸೋಲಾರ್ ಪಂಪು ಹಾಕಿದರೆ ಅದು ಅಂಗಳಕ್ಕೆ ಶೋಭೆಯಾದೀತು ಎಂಬುದು ನಮ್ಮ ಅನುಭವ.

ಇಂಧನದಲ್ಲಿ ಅವರು ಎಡವಿದ ಸಂಗತಿಯೇ ನಮಗೆ ಹೆಚ್ಚು ಉಪಯುಕ್ತ. ಟೆಕ್ಸಾಸಿನ ಎನರ್ಜಿ ಫ್ಯೂಚರ್ ಹೋಲ್ಡಿಂಗ್ಸ್ ಎಂಬ ವಿದ್ಯುತ್ ಕಂಪೆನಿಯನ್ನು 2007ರಲ್ಲಿ ಕೆಲವರು ಭಾರಿ ಸಾಲದಿಂದ ಕೊಂಡರು. ನೈಸರ್ಗಿಕ ಅನಿಲದ ಬೆಲೆ ಏರಿಯೇ ಏರುತ್ತದೆ ಎಂಬುದೊಂದೇ ಅದರ ಆಧಾರ. ಬಫೆಟ್ ಆ ಕಂಪೆನಿಯ ಸುಮಾರು 200 ಕೋಟಿ ಡಾಲರಿನ ಸಾಲಪತ್ರ ಕೊಂಡರು. ಅನಿಲ ಹೊಸ ವಿಧಾನದಿಂದ ನೆಲದಡಿಯಿಂದ ಹೇರಳವಾಗಿ ಬಂತು, ಬೆಲೆ ಕುಸಿಯಿತು, ಕಂಪೆನಿ 2014ರಲ್ಲಿ ದಿವಾಳಿಯೆದ್ದಿತು. ಅದಕ್ಕೆ ಮೊದಲೇ ಮಾರಿ ಹೊರಬಂದ ಬಫೆಟ್ಟರಿಗೆ 87 ಕೋಟಿ ಡಾಲರ್ ನಷ್ಟ. ಸಂಗಡಿಗ ಚಾರ್ಲಿ ಮಂಗರರನ್ನು ಒಂದು ಮಾತು ಕೇಳದೆ ಮಾಡಿದ್ದೇ ತಪ್ಪಾಯಿತೆಂದು ಅವರೇ ಬರೆದರು. ಟೆಕ್ಸಾಸಿನ ಅನಿಲ, ನೆಬ್ರಾಸ್ಕದ ಜಮೀನು, ನಮ್ಮ ಆರು ಎಕರೆ. ಮೂರರಲ್ಲೂ ಸಾಲ ನಿಂತಿದ್ದು ಧಾರಣೆಯ ಮೇಲೆ.

ಬಫೆಟ್ಟರನ್ನು ಕಣ್ಣುಮುಚ್ಚಿ ಒಪ್ಪಲೂ ನಾವು ತಯಾರಿಲ್ಲ. 2024ರ ಕೊನೆಗೆ ಅವರ ಕಂಪೆನಿಯ ಬಳಿ 33,000 ಕೋಟಿ ಡಾಲರಿಗೂ ಮಿಕ್ಕಿ ನಗದು, ಸರ್ಕಾರಿ ಹುಂಡಿಗಳಿದ್ದವು. ಅಷ್ಟಿದ್ದವರು ಕಾಯಬಹುದು. ಕೊಳೆರೋಗ ಹತ್ತಿದ ವರ್ಷ ಬೋರ್ಡೋ ದ್ರಾವಣಕ್ಕೆ ತುತ್ತ ತರಲು ಕೈಸಾಲ ಮಾಡುವವನು ಎಷ್ಟು ಕಾಲ ಕಾದಾನು? ಅಲ್ಲದೆ ಪಕ್ಕದ ತೋಟ ಮಾರಾಟಕ್ಕೆ ಬರುವುದು ತಲೆಮಾರಿಗೊಮ್ಮೆ. ಅದನ್ನು ಬಿಡುವುದೂ ಒಂದು ನಷ್ಟವೇ. ಆರ್ಥಿಕತೆ ನಾಳೆ ಏನಾಗುತ್ತದೆಂದು ಊಹಿಸುವುದು ಕಾಲಹರಣ ಎನ್ನುತ್ತಾರೆ ಅವರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟುತ್ತದೆಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲವಾದ್ದರಿಂದ ಈ ಮಾತನ್ನು ಒಪ್ಪಲೇಬೇಕಾಗಿದೆ.

ಈಗ ಆ ಯುವ ಸದಸ್ಯರಿಗೆ ಉತ್ತರ. ಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಸಾಲದ ಉಪಸಮಿತಿ ಪ್ರತಿ ತಿಂಗಳ ಎರಡನೆಯ ಶನಿವಾರ ಸೇರುತ್ತದೆ. ಬರುವಾಗ ಪಹಣಿಯ ಜೊತೆಗೆ ಆ ನಾಲ್ಕು ಎಕರೆಯ ಹತ್ತು ವರ್ಷದ ಫಸಲಿನ ಲೆಕ್ಕವನ್ನು, ಮಾರುವವರಿಂದಲೋ ಅಲ್ಲಿ ಕುಯ್ದ ಆಳುಗಳಿಂದಲೋ ವಿಚಾರಿಸಿ, ಬರೆದು ತನ್ನಿ. ಎಷ್ಟು ಮೂಟೆ, ಎಷ್ಟು ಕೂಲಿ, ಎಷ್ಟು ಗೊಬ್ಬರ, ಎಷ್ಟು ಡೀಸೆಲ್. ಕೈಯಿಂದ ಎಷ್ಟು ಹಾಕುತ್ತೀರಿ ಎಂಬುದನ್ನೂ ಬರೆಯಿರಿ. ಧಾರಣೆಯ ಕಲಮನ್ನು ಮಾತ್ರ ಖಾಲಿ ಬಿಡಿ. ಸಂಘದ ಹಳೆಯ ಖರೀದಿ ಪುಸ್ತಕಗಳೆಲ್ಲ ಕಪಾಟಿನಲ್ಲಿವೆ. ಆ ಹತ್ತು ವರ್ಷಗಳಲ್ಲಿ ಅತಿ ಕಡಿಮೆಯಾದ ಧಾರಣೆಯನ್ನು ಹುಡುಕಿ, ಅದನ್ನು ಒಟ್ಟಿಗೆ ಕುಳಿತು ತುಂಬೋಣ.